ಎದುರು ಕೂತವಳ ಕಿವಿ

ಮಾಲ್ಸುನ್‌ಗೆ ಹಾಡಲು ಬರುವುದಿಲ್ಲ ಎಂಬುದು ನಮ್ಮ ಶೆಡ್ಡಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಅದನ್ನು ಅವಳ ಮುಖಕ್ಕೆ ಹೇಳಿದವಳು ಹ್ವಾಜಾ ಒಬ್ಬಳೇ.

ನಮ್ಮದು ದಕ್ಷಿಣ ಕೊರಿಯಾದ ತೊಂಗ್ಯೊಂಗ್ ಕೊಲ್ಲಿಯ ದಂಡೆಯಲ್ಲಿದ್ದ ಸಿಂಪಿ ಬಿಡಿಸುವ ಶೆಡ್ಡು. ಚಳಿಗಾಲ ಪೂರ್ತಿ ಬೆಳಕು ಹರಿಯುವ ಮೊದಲೇ ಬಂದು, ಉದ್ದನೆಯ ಮೇಜಿನ ಎರಡೂ ಕಡೆ ಕೂತು, ನಡುವೆ ಸುರಿದ ರಾಶಿಯಿಂದ ಸಿಂಪಿ ಎತ್ತಿ, ಚಿಪ್ಪಿನ ಸಂದಿಗೆ ಚೂರಿ ತೂರಿಸಿ, ಒಳಗಿನ ಮಾಂಸವನ್ನು ಹರಿಯದ ಹಾಗೆ ಬಿಡಿಸಿ ಬುಟ್ಟಿಗೆ ಹಾಕುವ ಕೆಲಸ. ಕೈಗೆ ಪುರಸೊತ್ತಿಲ್ಲ, ಬಾಯಿಗೆ ಕೆಲಸವಿಲ್ಲ. ಹಾಗಾಗಿ ರೇಡಿಯೊ. ರೇಡಿಯೊ ಬೇಸರವಾದರೆ ಹಾಡು. ಹಾಡು ಬೇಸರವಾದರೆ ಜಗಳ. ನಾನು ಮಾಲ್ಸುನ್‌ಳ ಪಕ್ಕದಲ್ಲಿ ಕೂರುತ್ತಿದ್ದೆ, ಹ್ವಾಜಾ ಅವಳ ಎದುರಿಗೆ.

ಹ್ವಾಜಾ ವಯಸ್ಸಿನಲ್ಲಿ ದೊಡ್ಡವಳು. ಅಕ್ಕ ಎಂದು ಕರೆಯಬೇಕಾದ್ದು ನ್ಯಾಯ. ಮೊದಲು ಮಾಲ್ಸುನ್ ಹಾಗೆ ಕರೆಯುತ್ತಲೂ ಇದ್ದಳು. ಒಂದು ವರ್ಷ ಎಲ್ಲರೂ ಸೇರಿ ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವಾಗ ಮಾಲ್ಸುನ್ ಅದಕ್ಕೆ ಬೆರೆಸಲು ತನ್ನ ಮನೆಯಲ್ಲಿ ಹುಳಿಸಿ ಮಾಡಿದ ಮೀನಿನ ರಸ ತಂದಿದ್ದಳು. ಹ್ವಾಜಾ ಮುಚ್ಚಳ ತೆಗೆದು ಮೂಸಿ, "ಇದು ದೋಣಿಯ ತಳದಿಂದ ತೋಡ್ಕೊಂಡು ಬಂದಿದ್ದಾ?" ಎಂದಳು. ಅವತ್ತಿನಿಂದ ಮಾಲ್ಸುನ್‌ಳ ಬಾಯಲ್ಲಿ ಅಕ್ಕ ಹೋಗಿ "ನೀನು" ಬಂತು. ಇಬ್ಬರೂ ಅರವತ್ತರ ಹತ್ತಿರದವರು, ಮೊಮ್ಮಕ್ಕಳಿದ್ದವರು.

ಹ್ವಾಜಾ ಚೆನ್ನಾಗಿ ಹಾಡುತ್ತಿದ್ದಳು. ಬಂದರಿನ ಹಬ್ಬದ ಹಾಡಿನ ಸ್ಪರ್ಧೆಯಲ್ಲಿ ಅವಳಿಗೆ ಒಮ್ಮೆ ಅನ್ನದ ಕುಕ್ಕರು ಬಹುಮಾನವಾಗಿ ಬಂದಿತ್ತು. ಆ ಕುಕ್ಕರಿನಲ್ಲಿ ಅನ್ನ ಎಷ್ಟು ಹದವಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿತ್ತು.

ಒಂದು ಶರತ್ಕಾಲದಲ್ಲಿ, ಕೆಲಸ ಶುರುವಾಗುವ ಮೊದಲು, ಎಲ್ಲರೂ ಬಸ್ಸು ಮಾಡಿಕೊಂಡು ಬೆಟ್ಟದ ಕಡೆ ಮರಗಳ ಎಲೆ ಕೆಂಪಾದದ್ದು ನೋಡಲು ಹೋದೆವು. ಬಸ್ಸಿನಲ್ಲಿ ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಮಾಲ್ಸುನ್‌ಳ ಸರದಿ ಬಂದಾಗ ಅವಳು ತನ್ನ ಮೆಚ್ಚಿನ ಹಾಡು ಎತ್ತಿಕೊಂಡಳು. ಬಂದರಿನಲ್ಲಿ ಹೆಂಗಸನ್ನು ಬಿಟ್ಟು ದೋಣಿ ಹತ್ತಿದ ಗಂಡಸಿನ ಹಾಡು, "ತಿರುಗಿ ನೋಡದೆ ಹೋದೆಯಲ್ಲ" ಎಂದು ಬರುತ್ತದೆ. ಕಣ್ಣು ಮುಚ್ಚಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು ಹಾಡಿದಳು. ಎರಡನೆಯ ಚರಣದ ನಡುವೆ ಹ್ವಾಜಾ ತನ್ನ ಸೀಟಿನಿಂದ ಎದ್ದು ಬಂದು ಅವಳ ಕೈಯಿಂದ ಮೈಕು ಕಿತ್ತುಕೊಂಡಳು.

"ಸಾಕು, ಡ್ರೈವರಿಗೆ ಬಸ್ಸು ಓಡಿಸೋಕೆ ಬಿಡು. ಎಲ್ರೂ ಜೀವ ಸಮೇತ ಮನೆ ಸೇರ್ಬೇಕು."

ಇಡೀ ಬಸ್ಸು ನಕ್ಕಿತು. ಅಷ್ಟಕ್ಕೇ ಬಿಟ್ಟಿದ್ದರೆ ಮಾಲ್ಸುನ್ ಸಹಿಸಿಕೊಳ್ಳುತ್ತಿದ್ದಳೋ ಏನೋ. ಹ್ವಾಜಾ ಹಾಡು ನಿಂತ ಜಾಗದಿಂದಲೇ ಹಿಡಿದು ಕೊನೆಯವರೆಗೆ ಹಾಡಿದಳು. ಚೆನ್ನಾಗಿ ಹಾಡಿದಳು. ನಗುತ್ತಿದ್ದವರು ಸುಮ್ಮನಾಗಿ ಕೇಳಿದರು. ಮಾಲ್ಸುನ್ ಕಿಟಕಿಯ ಕಡೆ ತಿರುಗಿದವಳು ಬೆಟ್ಟ ಬಂದರೂ ಇಳಿಯಲಿಲ್ಲ.

ಮನೆಗೆ ಹೋಗಿ ಗಂಡನನ್ನು ಕೇಳಿದಳಂತೆ, ನಾನು ಹೇಗೆ ಹಾಡುತ್ತೇನೆ ಎಂದು. ಅವನು ದೋಣಿಯ ಎಂಜಿನ್ ರಿಪೇರಿ ಮಾಡುವವನು, ಮಾತು ಕಡಿಮೆ. ಟಿ.ವಿ.ಯಿಂದ ಕಣ್ಣು ತೆಗೆಯದೆ, "ಚೆನ್ನಾಗೇ ಹಾಡ್ತೀಯ" ಎಂದ. ಇವಳು ಟಿ.ವಿ. ಆರಿಸಿ ಎದುರು ನಿಂತು, "ಈಗ ನನ್ನ ಮುಖ ನೋಡ್ಕೊಂಡು ಹೇಳಿ" ಎಂದಳು. ಅವನು ಮುಖ ನೋಡಿ, "ಊಟಕ್ಕೆ ಹಾಕು" ಎಂದ.

"ಹಂಗಾದ್ರೆ ಅವಳು ಹೇಳಿದ್ದೇ ನಿಜ," ಎಂದಳು ಮಾಲ್ಸುನ್ ಮರುದಿನ ನನಗೆ. "ಕಲಿತೀನಿ. ಕಲಿತು ಅವಳ ಮುಂದೆ ಹಾಡಿ, ಅವಳ ಗಂಟಲಲ್ಲಿ ಅನ್ನ ಇಳೀದಂಗೆ ಮಾಡ್ತೀನಿ."

ಮೊದಲು ಪೇಟೆಯ ಸಭಾಭವನದ ಹಾಡಿನ ತರಗತಿಗೆ ಸೇರಿದಳು. ಅಲ್ಲಿ ಹೆಂಗಸರು ಸಾಲಾಗಿ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತ ಒಟ್ಟಿಗೆ ಹಾಡುತ್ತಾರೆ. ಕಲಿಸುವವನು ಮಿನುಗುವ ಕೋಟು ಹಾಕಿಕೊಂಡು "ನನ್ನ ಸುಂದರಿಯರೇ" ಎನ್ನುತ್ತ ನಡುನಡುವೆ ಅತ್ತೆ ಸೊಸೆಯರ ಜೋಕು ಹೇಳುತ್ತಾನೆ. ಕೆಲವು ವಾರ ನೋಡಿದ ಮೇಲೆ ಮಾಲ್ಸುನ್ ತರಗತಿ ಮುಗಿದಾಗ ಅವನನ್ನು ತಡೆದು ನಿಲ್ಲಿಸಿ, ಒಂದು ಚರಣ ಹಾಡಿ, ಇದರಲ್ಲಿ ತಪ್ಪೇನು ಎಂದು ಕೇಳಿದಳು.

"ತಪ್ಪೆಲ್ಲಿದೆ ತಾಯಿ? ಮನಸ್ಸು ಸಂತೋಷವಾಗಿದ್ರೆ ಅದೇ ಒಳ್ಳೆ ಹಾಡು."

"ಸಂತೋಷಕ್ಕೆ ನಾನು ಬಸ್ಸು ಹಿಡ್ಕೊಂಡು ಇಲ್ಲಿ ತನಕ ಬರ್ಬೇಕಾಗಿರ್ಲಿಲ್ಲ," ಎಂದು ಹೇಳಿ ಬಂದುಬಿಟ್ಟಳು.

ಆಮೇಲೆ ಹಾಡಿಗೆ ಅಂಕ ಕೊಡುವ ಯಂತ್ರದ ಸರದಿ. ಬಸ್ ನಿಲ್ದಾಣದ ಹಿಂದೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಾಡಿನ ಕೋಣೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಅವಳು ಕಿರುಚಿ ಹಾಡಿದಳು. ಯಂತ್ರ ತುತ್ತೂರಿ ಊದಿ ಭರ್ತಿ ಅಂಕ ಕೊಟ್ಟಿತು. ಅವಳಿಗೆ ಅನುಮಾನ ಬಂತು. ಅದೇ ಹಾಡನ್ನು ಮತ್ತೆ ಹಚ್ಚಿ ಮೈಕನ್ನು ನನ್ನ ಕೈಗೆ ಕೊಟ್ಟು, "ಹಾಡ್ಬೇಡ, ಸುಮ್ನೆ ಆ ಆ ಅಂತ ಕೂಗು" ಎಂದಳು. ನನಗೆ ನೆಗಡಿ ಬೇರೆ. ಕೂಗಿದೆ. ಮತ್ತೆ ತುತ್ತೂರಿ ಊದಿತು.

"ಈ ಡಬ್ಬಕ್ಕೆ ಕಿವಿನೇ ಇಲ್ಲ ಕಣೆ," ಎಂದು ಮೈಕನ್ನು ಸೋಫಾದ ಮೇಲೆ ಎಸೆದಳು.

ಮೂರನೆಯವನು ಕ್ವಾಕ್ ಮೇಷ್ಟ್ರು. ಹಿಂದೆ ಪೂಸಾನ್ ನಗರದ ರಾತ್ರಿ ಕ್ಲಬ್ಬುಗಳಲ್ಲಿ ಹಾಡಿದ್ದವನು. ಈಗ ಬಲೆ ಅಂಗಡಿಯ ಮಹಡಿಯ ಮೇಲೆ ಪಾಠ ಹೇಳುತ್ತಿದ್ದ. ಅವನು ಹೊಗಳುವ ಪೈಕಿ ಅಲ್ಲ. ಮಾಲ್ಸುನ್‌ಳನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪನೆಯ ನಿಘಂಟು ಇಟ್ಟು, ಅದು ಮೇಲೆ ಕೆಳಗೆ ಆಡುವ ಹಾಗೆ ಉಸಿರು ಎಳೆಸಿ ಬಿಡಿಸಿದ. ಅಷ್ಟೇ ಪಾಠ. ಹಾಡು ಯಾವಾಗ ಎಂದು ಕೇಳಿದರೆ, "ಮುಂದಿನ ವರ್ಷ ನೋಡೋಣ. ನಿಮ್ಮ ದನಿ ಉಪ್ಪುನೀರಲ್ಲಿ ಬಿದ್ದಿರೋ ಮೊಳೆ ಇದ್ದಂಗಿದೆ" ಎಂದ. ಅದನ್ನೂ ಅವಳು ನುಂಗಿಕೊಂಡಳು, ಉಸಿರು ಉದ್ದವಾದದ್ದು ಅವಳಿಗೇ ಗೊತ್ತಾಗುತ್ತಿತ್ತು. ಆದರೆ ಅಷ್ಟು ಚಳಿಯಲ್ಲೂ ಅವನು ಅವಳು ಬಂದ ಕೂಡಲೇ ಕಿಟಕಿ ತೆರೆಯುತ್ತಿದ್ದ, ಹೋದ ಕೂಡಲೇ ಮುಚ್ಚುತ್ತಿದ್ದ. ಸಿಂಪಿಯ ವಾಸನೆ ಎಷ್ಟು ಸೋಪು ಹಾಕಿದರೂ ಕೈಯಿಂದ ಹೋಗುವುದಿಲ್ಲ. ಒಂದು ದಿನ ಅವಳು ನೆಲದಿಂದ ಎದ್ದು ನಿಘಂಟನ್ನು ಅವನ ಮೇಜಿನ ಮೇಲೆ ಇಟ್ಟಳು.

"ನಿಮ್ಮ ಮೂಗು ಬಹಳ ಚುರುಕಿದೆ ಮೇಷ್ಟ್ರೇ. ಕಿವಿ ಹೆಂಗಿದೆಯೋ ಗೊತ್ತಾಗ್ಲೇ ಇಲ್ಲ."

ಅಲ್ಲಿಗೆ ಅದೂ ಮುಗಿಯಿತು. ಅವಳು ಬಿಟ್ಟೇಬಿಟ್ಟಳು ಎಂದುಕೊಂಡೆವು. ಹ್ವಾಜಾ ಕೂಡ, "ಊರಿನ ಮೇಷ್ಟ್ರುಗಳೆಲ್ಲ ಬದುಕ್ಕೊಂಡ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮಾಲ್ಸುನ್ ಸಣ್ಣ ದನಿಯಲ್ಲಿ ಆ ಬಂದರಿನ ಹಾಡನ್ನೇ ಗುನುಗತೊಡಗಿದಳು.

ಪಕ್ಕದಲ್ಲಿದ್ದ ನನಗೆ ಒಂದು ವಿಚಿತ್ರ ಕಂಡಿತು. ಹಾಡುವಾಗ ಅವಳು ತನ್ನ ಕೈಯ ಸಿಂಪಿಯನ್ನು ನೋಡುತ್ತಿರಲಿಲ್ಲ. ಎದುರಿನ ಹ್ವಾಜಾಳ ಚೂರಿಯನ್ನು ನೋಡುತ್ತಿದ್ದಳು. ಹ್ವಾಜಾಳ ಕೈ ನಮ್ಮೆಲ್ಲರಿಗಿಂತ ವೇಗ. ಟಕ್, ಟಕ್ ಎಂದು ನಡೆಯುತ್ತಿರುತ್ತದೆ. ಮಾಲ್ಸುನ್ "ತಿರುಗಿ" ಎನ್ನುವ ಕಡೆಗೆ ಬಂದಾಗ ಆ ಚೂರಿ ನಿಂತಿತು. ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ನಡೆಯಿತು. ಮಾಲ್ಸುನ್ ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಮೂರನೆಯ ಸಲ ಸ್ವಲ್ಪ ಕೆಳಗಿನ ಸ್ವರದಿಂದ ಹಿಡಿದಳು, ಚೂರಿ ನಿಲ್ಲಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸಮುದ್ರ ಪಾಚಿಯ ಸಾರಿಗೆ ಅನ್ನ ಕಲಸುತ್ತ ನನಗೆ ಪಿಸುಗುಟ್ಟಿದಳು.

"ಮೇಷ್ಟ್ರು ಸಿಕ್ಕಿದ್ರು. ಫೀಸೂ ಇಲ್ಲ."

"ಅವಳು ನಿನ್ನ ಶತ್ರು ಅಲ್ವೇನೆ?"

"ಅದಕ್ಕೇ ಹೇಳಿದ್ದು. ನನ್ನ ಹಾಡನ್ನ ಅಷ್ಟು ಗಮನ ಇಟ್ಟು ಕೇಳೋರು ಈ ಊರಲ್ಲಿ ಬೇರೆ ಯಾರಿದಾರೆ? ನನ್ನ ಗಂಡ ಕೇಳ್ತಾನಾ? ನೀನು ಕೇಳ್ತೀಯಾ?"

ನಾನು ಸಾರು ಕುಡಿದೆ.

ಹೀಗೆ ಕೆಲವು ದಿನ ನಡೆಯಿತು. ಹ್ವಾಜಾ ದಡ್ಡಿಯಲ್ಲ. ಒಂದು ಬೆಳಿಗ್ಗೆ ತಲೆ ಎತ್ತಿ, "ಯಾಕೆ ನನ್ನ ಕೈ ನೋಡ್ತಾ ಇದೀಯ?" ಎಂದಳು.

"ನಿಂಗೆ ಎಲ್ಲೆಲ್ಲಿ ಪ್ರಾಣ ಹೋಗುತ್ತೆ ಅಂತ ನೋಡ್ತಾ ಇದೀನಿ."

ಹ್ವಾಜಾಗೆ ಅರ್ಥವಾಯಿತು. ಮುಖ ಕಲ್ಲು ಮಾಡಿಕೊಂಡಳು. ಏನೇ ಕೇಳಿದರೂ ಚೂರಿ ನಿಲ್ಲಿಸಬಾರದೆಂದು ಹಟ ಹಿಡಿದು ಇನ್ನೂ ವೇಗವಾಗಿ ಬಿಡಿಸತೊಡಗಿದಳು. ಮಾಲ್ಸುನ್‌ಗೂ ಅದು ಗೊತ್ತಾಗಿ, ಬೇಕೆಂದೇ ಪ್ರತಿ ಪದಕ್ಕೂ ಬಿಕ್ಕಿದ ಹಾಗೆ ದನಿ ಮುರಿದು, ನಡುಗಿಸಿ, ಅಳುದನಿಯಲ್ಲಿ ಹಾಡಿದಳು. ಮಧ್ಯಾಹ್ನದ ಹೊತ್ತಿಗೆ ಹ್ವಾಜಾಳ ಚೂರಿ ಜಾರಿ ಕೈಗವಸು ಹರಿದು ಅಂಗೈಗೆ ತಗುಲಿತು. ಕೈಯಲ್ಲಿದ್ದ ಚಿಪ್ಪನ್ನು ಅವಳು ಮೇಜಿನಾಚೆ ಎಸೆದಳು. ಅದು ಮಾಲ್ಸುನ್‌ಳ ಭುಜಕ್ಕೆ ಬಡಿಯಿತು.

"ದರಿದ್ರದವಳೇ, ಒಂದು ಸಾಲಿಗೆ ಎಷ್ಟು ಸಲ ಮುರೀತೀಯ ದನಿನ? ಒಂದೇ ಸಲ ಮುರಿ. ಎಲ್ಲಿ ನೋಯುತ್ತೋ ಅಲ್ಲಿ. ಊಟದ ಎಲ್ಲಾ ತುತ್ತಿಗೂ ಮೆಣಸಿನಪುಡಿ ಸುರ್ಕೋತಾರಾ?"

"ಎಲ್ಲಿ ಮುರೀಬೇಕು, ಹಾಡಿ ತೋರ್ಸು."

"ನಿಂಗ್ಯಾಕೆ ತೋರ್ಸಲಿ?"

"ಬರಲ್ಲ ಅನ್ನು ಮತ್ತೆ."

ಹ್ವಾಜಾ ಗಾಯಕ್ಕೆ ಬಟ್ಟೆ ಒತ್ತಿಕೊಂಡೇ ಆ ಸಾಲು ಹಾಡಿದಳು. ನಾವೆಲ್ಲ ಚೂರಿ ಕೆಳಗಿಟ್ಟು ಕೇಳಿದೆವು. ಮಾಲ್ಸುನ್ ಅದನ್ನೇ ಹಾಡಿದಳು.

"ಅಲ್ಲ."

ಮತ್ತೆ ಹಾಡಿದಳು.

"ಅಲ್ಲ. ಕತ್ತೆ ಕೂಡ ಒಂದು ಸಲ ಹೇಳಿದ್ರೆ ತಿಳ್ಕೊಳುತ್ತೆ."

ರಾಶಿ ಕರಗುತ್ತಿಲ್ಲವೆಂದು ಮಾಲೀಕ ಬಂದು ಇಬ್ಬರನ್ನೂ ಬೈದು ಹೋದ.

ಅವತ್ತಿನಿಂದ ಅದು ದಿನದ ಪಾಠವಾಯಿತು. ಪಾಠ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಮಾಲ್ಸುನ್ ಹಾಡುತ್ತಾಳೆ, ಹ್ವಾಜಾ ಬೈಯುತ್ತಾಳೆ, ಮಾಲ್ಸುನ್ ಬೈದದ್ದನ್ನು ತಿದ್ದಿಕೊಂಡು ತಿರುಗಿ ಬೈಯುತ್ತಾಳೆ. ಇವರ ಮನಸ್ಸು ಕೂಡಿತು ಎಂದು ಯಾರಾದರೂ ತಿಳಿದರೆ ತಪ್ಪು. ಹೊಸವರ್ಷಕ್ಕೆ ಮಾಲ್ಸುನ್ ಹ್ವಾಜಾಳ ಮನೆಗೆ ಒಂದು ಪೆಟ್ಟಿಗೆ ಪಿಯರ್ ಹಣ್ಣು ಕಳಿಸಿದಳು. ಮರುದಿನ ಹ್ವಾಜಾಳ ಸೊಸೆ ಅದನ್ನು ಶೆಡ್ಡಿಗೇ ತಂದು, "ಅತ್ತೆಗೆ ಬೇಡ್ವಂತೆ, ನಿಮ್ಮ ಋಣ ಬೇಡ್ವಂತೆ" ಎಂದು ತಲೆ ತಗ್ಗಿಸಿಕೊಂಡು ಹೇಳಿ ಇಟ್ಟುಹೋದಳು. ಮಾಲ್ಸುನ್ ಸಿಂಪಿಯ ಚೂರಿಯನ್ನೇ ತೊಳೆದು ಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದಳು, ಎದುರು ಕೂತವಳೊಬ್ಬಳನ್ನು ಬಿಟ್ಟು.

ವಸಂತದಲ್ಲಿ ಬಂದರಿನ ಹಬ್ಬ ಬಂತು. ಸ್ಪರ್ಧೆಗೆ ಇಬ್ಬರೂ ಹೆಸರು ಕೊಟ್ಟರು. ಹಾಡು ಹಿಡಿಸದಿದ್ದರೆ ತೀರ್ಪುಗಾರರು ಗಂಟೆ ಹೊಡೆಯುತ್ತಾರೆ, ಹೊಡೆದರೆ ಇಳಿದುಬಿಡಬೇಕು. ಹ್ವಾಜಾ ಮೊದಲು ಹತ್ತಿದಳು. ಕಷ್ಟದ ಹಾಡೊಂದನ್ನು ಆರಿಸಿಕೊಂಡಿದ್ದಳು. ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮಾಲ್ಸುನ್ ಅವಳ ಕಣ್ಣಿಗೆ ಬಿದ್ದಳು. ಅದಕ್ಕೋ ಏನೋ, ಶುರುವನ್ನೇ ತೀರ ಮೇಲೆ ಹಿಡಿದಳು. ದನಿ ಏರುವ ಜಾಗದಲ್ಲಿ ಏರಲು ಎಡೆಯೇ ಉಳಿಯಲಿಲ್ಲ. ಗಂಟೆ ಹೊಡೆದರು.

ಮಾಲ್ಸುನ್ ಬಂದರಿನ ಹಾಡನ್ನು ಪೂರ್ತಿ ಹಾಡಿದಳು. ಗಂಟೆ ಹೊಡೆಯಲಿಲ್ಲ. ದೊಡ್ಡ ಬಹುಮಾನವೇನೂ ಬರಲಿಲ್ಲ, ಸಮಾಧಾನಕ್ಕೆಂದು ಒಂದು ಕಂಬಳಿ ಕೊಟ್ಟರು. ಅದನ್ನು ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಅವಳು ಗಂಡನ ಹತ್ತಿರ ಹೋಗಲಿಲ್ಲ, ನಮ್ಮ ಹತ್ತಿರವೂ ಬರಲಿಲ್ಲ. ನೇರ ಹ್ವಾಜಾಳ ಮುಂದೆ ನಿಂತಳು.

"ಎರಡನೇ ಚರಣ ಹೆಂಗಿತ್ತು?"

"ನಾನು ಕೇಳ್ಲಿಲ್ಲ," ಎಂದಳು ಹ್ವಾಜಾ.

ಸುಳ್ಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಹಾಡು ಮುಗಿಯುವವರೆಗೂ ಅವಳ ತುಟಿ ಆಡುತ್ತಿತ್ತು.

ಮುಂದಿನ ಚಳಿಗಾಲಕ್ಕೆ ಹ್ವಾಜಾ ನಮ್ಮ ಶೆಡ್ಡಿಗೆ ಬರಲಿಲ್ಲ. ಕೊಲ್ಲಿಯ ಆಚೆ ದಡದ ಶೆಡ್ಡಿಗೆ ಸೇರಿದಳು. ಅವಳು ಕೂರುತ್ತಿದ್ದ, ಒಲೆಯ ಪಕ್ಕದ ಬೆಚ್ಚನೆಯ ಜಾಗ ಖಾಲಿಯಾಯಿತು, ಮಾಲ್ಸುನ್‌ಗೆ ಸಿಕ್ಕಿತು. ಈಗ ಎಲ್ಲರೂ ಅವಳಿಂದ ಕೇಳಿ ಹಾಡಿಸುವವರೇ. "ಮಾಲ್ಸುನ್ ಅಕ್ಕಾ, ಇನ್ನೊಂದು" ಎನ್ನುವರು. ಅವಳು ಹಾಡುವಳು, ಎಲ್ಲರೂ ಹೊಗಳುವರು. ಹೀಗೆ ಹೊಗಳಿಸಿಕೊಳ್ಳುತ್ತ ಹೊಗಳಿಸಿಕೊಳ್ಳುತ್ತ ಅವಳ ದನಿ ಮತ್ತೆ ಪ್ರತಿ ಪದಕ್ಕೂ ಮುರಿಯತೊಡಗಿತು. ಒಂದು ದಿನ ಹಾಡು ಮುಗಿಸಿ ನನ್ನ ಕಡೆ ನೋಡಿದಳು. ಚೆನ್ನಾಗಿತ್ತು ಎಂದೆ.

"ನೀನು ಒಳ್ಳೆಯವಳು," ಎಂದಳು. "ನಿನ್ನಿಂದ ನಂಗೆ ಮೂರು ಕಾಸಿನ ಉಪಯೋಗ ಇಲ್ಲ."

ವಾರ ಕಳೆಯುವುದರೊಳಗೆ ಅವಳು ಒಲೆಯ ಪಕ್ಕದ ಜಾಗ ಬಿಟ್ಟು, ಎರಡು ಬಸ್ಸು ಬದಲಿಸಿ, ಆಚೆ ದಡದ ಶೆಡ್ಡಿಗೆ ಹೋದಳು. ಅಲ್ಲಿ ಕೆಲಸ ಮಾಡುವ ನನ್ನ ನಾದಿನಿ ನಡೆದದ್ದನ್ನು ಹೇಳಿದಳು. ಮಾಲ್ಸುನ್ ಹೋಗಿ ನೇರ ಹ್ವಾಜಾಳ ಎದುರು ಕೂತಳಂತೆ.

"ಅಲ್ಲಿ ಜಾಗ ಇರ್ಲಿಲ್ವಾ ನಿಂಗೆ?"

"ಇತ್ತು."

"ಇಲ್ಲಿ ಸಮುದ್ರದ ಗಾಳಿ ಮುಖಕ್ಕೇ ಹೊಡೆಯುತ್ತೆ."

"ಹೊಡೀಲಿ."

ಕೈಗವಸು ಹಾಕಿಕೊಂಡು ಮಾಲ್ಸುನ್ ಹಾಡು ಎತ್ತಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಹ್ವಾಜಾ, ತಲೆ ಎತ್ತದೆ, "ಎಲ್ಲಾ ಹಾಳು ಮಾಡ್ಕೊಂಡು ಬಂದಿದಾಳೆ. ಮೊದಲಿಂದ ಹಾಡು" ಎಂದಳಂತೆ.

ಅವರಿಬ್ಬರೂ ಈಗಲೂ ಅಲ್ಲೇ ಇದ್ದಾರೆ. ಮಧ್ಯಾಹ್ನ ಒಬ್ಬಳು ಬಾಗಿಲ ಹತ್ತಿರ ಉಂಡರೆ ಇನ್ನೊಬ್ಬಳು ಗೋಡೆಯ ಕಡೆ ತಿರುಗಿ ಉಣ್ಣುತ್ತಾಳೆ. ಸಂಜೆ ಒಂದೇ ನಿಲ್ದಾಣದಲ್ಲಿ ನಿಂತರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೋದ ತಿಂಗಳು ಪೇಟೆಯ ಸ್ನಾನದ ಮನೆಯಲ್ಲಿ ಮಾಲ್ಸುನ್ ಸಿಕ್ಕಿದಳು. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಕೂತು ಹೊಸ ಹಾಡೊಂದನ್ನು ಹಾಡುತ್ತಿದ್ದಳು. ಗುರುತಿಲ್ಲದ ಹೆಂಗಸರೂ ಮೈ ತಿಕ್ಕುವುದನ್ನು ಬಿಟ್ಟು ಕೇಳಿದರು. ಒಂದು ಚರಣಕ್ಕೆ ನಿಲ್ಲಿಸಿಬಿಟ್ಟಳು. ಮುಂದಿನದನ್ನೂ ಹಾಡಿ ಎಂದು ಅವರು ಬೇಡಿಕೊಂಡರು.

"ಮುಂದಿಂದು ಇನ್ನೂ ಸರಿಯಾಗಿಲ್ಲ," ಎಂದಳು ಮಾಲ್ಸುನ್, ನೀರಿನಿಂದ ಏಳುತ್ತ. "ಆ ರಾಕ್ಷಸಿ ಒಪ್ಪಿಲ್ಲ."