ಗೌರಿ ಎಣಿಸಿದ ಸುರುಳಿ

ಹಡಪಸರದ ನಮ್ಮ ಮನೆಯ ಕೆಳಗೆ ಉಡುಪಿಯವರ ಹೋಟೆಲಿದೆ. ಅಲ್ಲಿ ಅನಾನಸ್ ಶಿರಾ ಮಾಡಿದ ದಿನ ಪರಿಮಳ ಮೂರನೇ ಮಹಡಿಗೂ ಬರುತ್ತದೆ. ನಿಮಗಾದರೆ ಬಾಯಲ್ಲಿ ನೀರೂರೀತು. ನನಗೆ ನೆನಪಾಗುವವಳು ಹಿಂದೆ ಪಕ್ಕದ ಮನೆಯಲ್ಲಿದ್ದ ಗೌರಿ.

ಗೌರಿಗೆ ಆಗ ಒಂಬತ್ತು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣದು. ಒಂದು ಸಂಜೆ ಮುಖ ಬಿಗಿದುಕೊಂಡು ಪುಸ್ತಕ ಹಿಡಿದು ಬಂದಳು. ನಿಸರ್ಗದಲ್ಲಿನ ಗಣಿತದ ಪಾಠದಲ್ಲಿ ಬರೀ ಚಿತ್ರಗಳೇ ಇವೆ, ನೀನು ಅದನ್ನು ಬಿಟ್ಟರೂ ನಡೆಯುತ್ತದೆ ಎಂದಿದ್ದರಂತೆ ಶಾಲೆಯಲ್ಲಿ.

"ನಾ ಬಿಡಂಗಿಲ್ರಿ, ಕಾಕು. ಸುರುಳಿ ಅಂದ್ರ ಹೆಂಗಿರ್ತದ, ಹೇಳ್ರಿ."

ನಾನೆಂಥ ಜಾಣೆ ನೋಡಿ, ಗಾಳಿಯಲ್ಲಿ ಬೆರಳಾಡಿಸಿ ದೊಡ್ಡದೊಂದು ಸುರುಳಿ ಬರೆದೆ. ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು. ನಾಚಿಕೆಯಾಗಿ ಅಡುಗೆಮನೆಯಲ್ಲಿದ್ದ ಅನಾನಸು ತಂದು ಅವಳ ತೊಡೆಯ ಮೇಲಿಟ್ಟೆ.

ಅದರ ಮೈಮೇಲಿನ ಕಣ್ಣುಗಳು ಓರೆಸಾಲಿನಲ್ಲಿ ಸುತ್ತುತ್ತ ಮೇಲೇರುತ್ತವಲ್ಲ, ಆ ಸಾಲನ್ನು ಅವಳ ಬೆರಳು ಬೇಗ ಹಿಡಿಯಿತು. ಎಣಿಕೆ ಮಾತ್ರ ತಪ್ಪುತ್ತಿತ್ತು. ಕೊನೆಗೆ ಚಪಾತಿ ಹಿಟ್ಟು ಕೇಳಿ, ಎಣಿಸಿದ ಪ್ರತಿ ಸಾಲಿನ ಬುಡಕ್ಕೆ ಒಂದೊಂದು ಚೂರು ಅಂಟಿಸಿದಳು. ಬೆರಳಿಗೆ ಚುಚ್ಚಿದರೂ ಬಿಡಲಿಲ್ಲ. ಒಂದು ಕಡೆಗೆ ಎಂಟು ಸಾಲು, ಎದುರು ಕಡೆಗೆ ಹದಿಮೂರು.

ಅವಳ ಪುಸ್ತಕ ಓದಿ ಹೇಳಿದೆ: ಎರಡು, ಮೂರು, ಐದು, ಎಂಟು, ಹದಿಮೂರು, ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಗಿಡಕ್ಕೆ ಇದನ್ನು ಯಾರು ಕಲಿಸಿದರು ಎಂದು ಕೇಳಿದಳು. ಯಾರೂ ಇಲ್ಲ, ಮುಂದೆ ಕಣ್ಣಾಗುವ ಹೊಸ ಮೊಗ್ಗು ಪ್ರತಿ ಸಲವೂ ಹಳೆಯವುಗಳ ನಡುವೆ ಹೆಚ್ಚು ಜಾಗ ಇರುವಲ್ಲಿ ಕೂರುತ್ತದೆ, ಅಷ್ಟೇ ಎಂದೆ.

"ಹಂಗಾರ ತನ್ನ ಜಾಗಾ ತಾ ಹುಡುಕ್ಕೊಂಡ್ರ ಸಾಕು. ಲೆಕ್ಕ ತಾನ ಬರ್ತದ."

ಮರುದಿನ ಹಣ್ಣನ್ನು ಶಾಲೆಗೇ ಹೊತ್ತೊಯ್ದು, ಇಡೀ ವರ್ಗಕ್ಕೆ ಕಣ್ಣು ಮುಚ್ಚಿಸಿ ಎಣಿಸಲು ಹಚ್ಚಿದಳಂತೆ. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಯನ್ನೂ ಬಿಡಲಿಲ್ಲ.

ಈಗ ಗೌರಿ ಕಾತ್ರಜದಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಇವತ್ತು ಶಿರಾದ ವಾಸನೆ ಬಂದದ್ದೇ ಬಸ್ಸು ಹಿಡಿದು ಅವಳಲ್ಲಿಗೆ ಹೋದೆ. ಇಂದಾಪುರದ ಹೊಲದಿಂದ ತರಿಸಿದ ಒಣ ಸೂರ್ಯಕಾಂತಿ ತೆನೆಗಳ ಸುತ್ತ ಮಕ್ಕಳು ಕೂತಿದ್ದರು. ಕಣ್ಣು ಕಾಣುವವರೂ ಕಾಣದವರೂ. ತನಗೆ ಬೀಜದ ಮೂವತ್ಮೂರು ಸಾಲು ಬಂತು, ಪುಸ್ತಕದ ಲೆಕ್ಕದಂತೆ ಮೂವತ್ನಾಲ್ಕು ಬರಬೇಕಲ್ಲ, ಅದನ್ನೇ ಬರೆಯಲೇ ಎಂದಳೊಬ್ಬಳು. ಗೌರಿ ಮರಾಠಿಯಲ್ಲಿ, ಎಣಿಸಿದ್ದನ್ನೇ ಬರೆ, ಆಮೇಲೆ ಇನ್ನೊಮ್ಮೆ ಎಣಿಸು ಎಂದಳು.

ಲೆಕ್ಕವೆಂದರೆ ಓಡುವ ನಾನೂ ನೆಲಕ್ಕೆ ಕೂತು ಒಂದು ತೆನೆ ಎಳೆದುಕೊಂಡೆ. ಇಪ್ಪತ್ತರ ಹತ್ತಿರ ತಪ್ಪಿತು. ಮೊಣಕಾಲು ಹಿಡಿದುಕೊಂಡಿತು. ಕುರ್ಚಿ ತರಲೇ ಎಂದು ಗೌರಿ ಕೇಳಿದಳು. ಬೇಡವೆಂದು, ಮತ್ತೆ ಒಂದರಿಂದ ಶುರು ಮಾಡಿದೆ.