ಹಿಂದಿನ ಚಕ್ರ

ಬಸ್ ಡಿಪೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸೀಟಿ ಅಕ್ಕ ಎಂದೇ. ಕಂಡಕ್ಟರ್ ಆಗಿ ಅವಳು ಊದುವ ಸೀಟಿಗೆ ಬಸ್ಸಷ್ಟೇ ಅಲ್ಲ, ಬೀದಿನಾಯಿಯೂ ನಿಂತುಬಿಡುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ನಲವತ್ತು ದಾಟುವ ಹೊತ್ತಿಗೆ ಅವಳಿಗೆ ಸೀಟಿ ಸಾಕಾಗಿ ಸ್ಟೇರಿಂಗ್ ಮೇಲೆ ಕಣ್ಣುಬಿತ್ತು. ಆ ಡಿಪೋದಲ್ಲಿ ಅದುವರೆಗೆ ಬಸ್ಸು ಓಡಿಸಿದ ಹೆಂಗಸು ಒಬ್ಬಳೂ ಇರಲಿಲ್ಲ.

ಕಲಿಸಲು ಒಪ್ಪಿದವರು ಹಿರಿಯ ಚಾಲಕ ಮೀಸೆ ಮಾವ. ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳ ಹತ್ತಿರವಂತೂ ಬಾಯಿಯೂ ಮೆತ್ತಗಾಗುತ್ತಿತ್ತು. ಅವಳು ಬಸ್ಸು ತಂದು ನಿಲ್ಲಿಸಿದಾಗಲೆಲ್ಲ ಒಂದೇ ಮಾತು: “ಚೆನ್ನಾಗಿದೆಯಮ್ಮ. ಸ್ವಲ್ಪ ಧೈರ್ಯ ತಂದ್ಕೋ, ಸಾಕು.” ಅವಳು ಹಿಗ್ಗಿ ಮನೆಗೆ ಹೋಗುತ್ತಿದ್ದಳು. ಪರೀಕ್ಷೆಯಲ್ಲಿ ನಪಾಸು. ಎರಡನೇ ಸಲವೂ ಅದೇ ಹಾಡು. ಪರೀಕ್ಷಕರು “ಇನ್ನೂ ಅಭ್ಯಾಸ ಬೇಕು” ಎಂದಷ್ಟೇ ಹೇಳಿ ಕಳಿಸಿದರು.

“ಈ ಧೈರ್ಯ ಎಲ್ಲಿ ಮಾರ್ತಾರೋ ಹೇಳಿ, ಹೋಗಿ ತರ್ತೀನಿ” ಎಂದು ಗಂಡನ ಮುಂದೆ ಸಿಡುಕಿದಳು.

“ನಿನಗೆ ಭಯಾನಾ? ನಿನಗೆ ಹೆದರ್ಕೊಂಡು ಬದುಕ್ತಿರೋನು ನಾನು” ಎಂದ ಅವನು.

ನಕ್ಕಳು. ಆದರೆ ಆ ಮಾತು ಒಳಗೊಳಗೇ ಕೊರೆಯತೊಡಗಿತು. ಹೌದಲ್ಲ, ತನಗೆ ಭಯ ಯಾವತ್ತಿತ್ತು?

ಮರುದಿನ, ಅವಳ ಜೊತೆಗೇ ಕಲಿಯುತ್ತಿದ್ದ ಮೆಕ್ಯಾನಿಕ್‌ನ ಸರದಿಯಲ್ಲಿ ಅವಳು ಹಿಂದೆ ಹೋಗಿ ಕುಳಿತಳು. ತಿರುವಿನಲ್ಲಿ ಬಸ್ಸು ಧಡ್ ಎಂದು ಒಂದು ಪಕ್ಕ ಎದ್ದು ಬಿತ್ತು. ಮಾವ ಗಂಟಲು ಹರಿಯುವಂತೆ ಕೂಗಿದರು: “ಲೇ, ಹಿಂದಿನ ಚಕ್ರ ಫುಟ್‌ಪಾತ್ ಹತ್ತಿಸ್ತಿದೀಯಲ್ಲೋ. ಇನ್ನೂ ಸ್ವಲ್ಪ ಮುಂದೆ ಹೋಗಿ ತಿರುಗಿಸು. ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ.” ಮುಂದಿನ ತಿರುವಿನಲ್ಲಿ ಸದ್ದಾಗಲಿಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಾನು ಓಡಿಸುವಾಗಲೂ ಆ ಧಡ್ ಎಷ್ಟು ಸಲ ಕೇಳಿರಲಿಲ್ಲ? ರಸ್ತೆಯೇ ಸರಿಯಿಲ್ಲ ಎಂದುಕೊಂಡಿದ್ದಳು.

ಮೆಕ್ಯಾನಿಕ್ ಇಳಿದುಹೋಗುವವರೆಗೆ ಕಾದು ಕೇಳಿದಳು: “ಮಾವ, ನಾನು ಓಡಿಸಿದ್ರೂ ಚಕ್ರ ಹತ್ತುತ್ತಾ?”

“ಹತ್ತುತ್ತೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅವರು ಮೀಸೆ ನೀವಿಕೊಂಡರು. “ಹೆಣ್ಣುಮಗಳು. ಬೈದ್ರೆ ನೊಂದ್ಕೊಳ್ತೀಯ ಅಂತ...”

“ನನ್ನ ಮನಸ್ಸು ನೋಡ್ಕೊಳ್ಳೋಕೆ ನಾನಿದೀನಿ. ನೀವು ಚಕ್ರ ನೋಡಿ.”

ಮಾವ ಪೆಚ್ಚಾಗಿ ಬಸ್ಸಿಳಿದು ಹೋದರು. ಆದರೆ ಮಾತು ನಾಟಿತ್ತು. ಮಾರನೆಯ ದಿನದಿಂದ ಅವಳಿಗೂ ಬೈಗುಳದ ಸುರಿಮಳೆ. ಒಂದೆರಡು ಸಲ ಕಣ್ಣು ತುಂಬಿದ್ದೂ ನಿಜ. ತಿರುವುಗಳು ಮಾತ್ರ ಒಂದೊಂದಾಗಿ ಕೈವಶವಾದವು. ಮುಂದಿನ ಪರೀಕ್ಷೆಯಲ್ಲಿ ಪಾಸಾದಾಗ ಇಡೀ ಡಿಪೋಗೆ ಕೇಳುವಂತೆ ಸಿಳ್ಳೆ ಹೊಡೆದವರು ಮಾವನೇ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅವಳು ಅವರದೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದಳು. ಸಿಗ್ನಲ್‌ನಲ್ಲಿ ನಿಂತಾಗ ಅವರು ಕೇಳಿದರು: “ಈಗ ನೀನೂ ಡ್ರೈವರ್. ಹೇಳು, ನಾನು ಹೇಗೆ ಓಡಿಸ್ತೀನಿ?”

“ಚೆನ್ನಾಗಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿರಿಯರು, ಕಲಿಸಿದವರು. ಅದನ್ನು ನುಂಗಿಕೊಂಡಳು.

“ವಯಸ್ಸಾದವರು ಕೂರೋ ಮುಂಚೆನೇ ಗಾಡಿ ಎಳೆದುಬಿಡ್ತೀರ, ಮಾವ. ತುಂಬಾ ವರ್ಷದಿಂದ ನೋಡ್ತಿದೀನಿ.”

“ಯಾರೂ ಹೇಳೇ ಇಲ್ವಲ್ಲ?”

“ನಿಮಗೆ ಹೇಳೋ ಧೈರ್ಯ ಯಾರಿಗಿದೆ?”

ಅವರು ಗೊಣಗುತ್ತಲೇ ಗಾಡಿ ಎತ್ತಿದರು. ಮುಂದಿನ ಸ್ಟಾಪಿನಲ್ಲಿ ಚೀಲ ಹಿಡಿದ ಅಜ್ಜಿಯೊಬ್ಬಳು ಹತ್ತಿದಳು. ಮಾವ ತಿರುಗಿ ನೋಡುತ್ತ ಕಾದರು. ಅಜ್ಜಿ ನಿಧಾನವಾಗಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಅವರ ಮುಖ ನೋಡಿದಳು.

“ಇನ್ನೇನು ಕಾಯ್ತಿದೀಯಪ್ಪ? ಹೊರಡು.”