‘ಹೋಗ್ತೀನಿ’ ಅಂದವನು

ನಂಬಿ ಎಂದು ನಾನು ಯಾರನ್ನೂ ಬೇಡುವುದಿಲ್ಲ. ಫಿಸಿಕ್ಸ್ ಓದಿದವನು ನಾನು. ಬೇರೆಯವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಇದು ನಡೆದದ್ದು. ಎಷ್ಟು ನಡೆಯಿತು, ನನಗೆಷ್ಟು ನೆನಪಿದೆ ಎನ್ನುವುದಷ್ಟೇ ಗೊಂದಲ... ಸಿಟ್ಟೂ ಅದಕ್ಕೇ.

ಕಳೆದ ಅಕ್ಟೋಬರ್‌ನಲ್ಲಿ ನಾನು ಮತ್ತು ಹೆಂಡತಿ ರಶ್ಮಿ ನಾವಿರುವ ಕೆಂಡಲ್ ಪಾರ್ಕ್‌ನಿಂದ ಕ್ಯಾಟ್ಸ್‌ಕಿಲ್ಸ್ ಬೆಟ್ಟಗಳಿಗೆ ಹೈಕಿಂಗ್ ಹೋಗಿದ್ದೆವು. ಇಳಿದುಕೊಂಡದ್ದು ಹೊಸದಾಗಿ ಸಿಂಗರಿಸಿದ ಒಂದು ಹಳೆಯ ಮೋಟೆಲ್‌ನಲ್ಲಿ. ಪೈನ್ ಮರದ ಗೋಡೆ, ರೆಕಾರ್ಡ್ ಪ್ಲೇಯರ್, ದಪ್ಪ ಉಣ್ಣೆಯ ಕಂಬಳಿ... ಬಾಗಿಲಿಗೆ ಮಾತ್ರ ಹಳೆಯ ಕಾಲದ ಸರಪಳಿ. ಕೆಸರು ಮೆತ್ತಿದ ಬೂಟುಗಳನ್ನು ಮನೆಯ ಅಭ್ಯಾಸದಂತೆ ಹೊರಗೇ ಬಿಟ್ಟೆ.

ಬೆಟ್ಟದ ಮೇಲೆ ಜಗಳವಾಗಿತ್ತು. ದಾರಿ ತಪ್ಪಿಸಿದವನು ನಾನು, ಬೈದವನೂ ನಾನೇ. ಮಾತಿಲ್ಲದೆ ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ಗಂಟೆ ಒಂಬತ್ತೂ ಆಗಿರಲಿಲ್ಲ.

ಸದ್ದಿಗೆ ಎಚ್ಚರವಾಯಿತು. ಹೊರಗೆ ಜಲ್ಲಿಕಲ್ಲಿನ ಮೇಲೆ ಯಾರೋ ನಡೆಯುತ್ತಿದ್ದರು. ಚರಕ್... ಚರಕ್... ಕೊಳೆತ ಎಲೆಯ ವಾಸನೆ ಮಾತ್ರ ಕೋಣೆಯ ಒಳಗಿತ್ತು.

“ಯಾರೇ ಅದು ಹೊರಗೆ?” ಎಂದೆ.

ಕಿಟಕಿಯ ಬಳಿ ಕುಳಿತಿದ್ದ ರಶ್ಮಿ ಚೀರಿದಳು.

“ನೀನು... ಯಾವಾಗ ಒಳಗೆ ಬಂದೆ?”

“ನಾನೆಲ್ಲಿಗೆ ಹೋಗಿದ್ದೆ?”

“ತಮಾಷೆ ಬೇಡ ಶ್ರೀಧರ. ನಾನು ಬಾತ್‌ರೂಮಿಂದ ಬಂದಾಗ ನೀನು ಬಾಗಿಲಲ್ಲಿದ್ದೆ. ಎಲ್ಲಿಗೆ ಅಂದ್ರೆ ‘ಹೋಗ್ತೀನಿ’ ಅಂದೆ. ಬಾಯಿತಪ್ಪಿ ಕೂಡ ‘ಬರ್ತೀನಿ’ ಅನ್ನಲಿಲ್ಲ. ಹೋಗು ಅತ್ಲಾಗೆ ಅಂತ ನಾನು ಚೈನ್ ಹಾಕ್ಬಿಟ್ಟೆ.”

ಇಬ್ಬರೂ ಬಾಗಿಲು ನೋಡಿದೆವು.

ಸರಪಳಿ ಹಾಕಿಯೇ ಇತ್ತು.

ಹೊರಗಿನ ಹೆಜ್ಜೆಗಳು ದೂರವಾಗುತ್ತಿದ್ದವು. “ತೆಗೀಬೇಡ ಕಣೋ...” ಎಂದು ಪಿಸುಗುಟ್ಟಿದಳು. ತೆಗೆದೆ. ಯಾರೂ ಇರಲಿಲ್ಲ. ನನ್ನ ಬೂಟುಗಳೂ ಇರಲಿಲ್ಲ.

ಬೂಟನ್ನು ಯಾರೋ ಕದ್ದರು, ರಶ್ಮಿ ಕೂತಲ್ಲೇ ಕನಸು ಕಂಡಳು. ಹೀಗೆ ಒಂದೊಂದಕ್ಕೂ ಕಾರಣ ಕೊಡಬಲ್ಲೆ. ಬೆಳಿಗ್ಗೆ ಮೋಟೆಲ್‌ನವರಿಗೆ ಫೋನ್ ಮಾಡಿ ಕೂಗಾಡಿದೆ. ಬೂಟನ್ನು ಹೊರಗೆ ಯಾಕೆ ಬಿಟ್ಟಿರಿ ಎಂದು ಅವರು ನನ್ನನ್ನೇ ಕೇಳಿದರು! ಬರಿಗಾಲಲ್ಲಿ ಡ್ರೈವ್ ಮಾಡಿಕೊಂಡು ಮನೆಗೆ ಬಂದೆ.

ನನಗೆ ತಡೆಯಲಾಗದಿರುವುದು ಇದಲ್ಲ. ಅಂದಿನಿಂದ ರಶ್ಮಿ ನನ್ನನ್ನು ಪರೀಕ್ಷಿಸುತ್ತಿದ್ದಾಳೆ. ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆ ಕೇಳುತ್ತಾಳೆ.

“ನಮ್ಮ ಮೊದಲನೇ ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆ ಆಂಟಿ ನಾಯಿ ಹೆಸರೇನು?”

ಮೊದಮೊದಲು ನಗುತ್ತಾ ಹೇಳುತ್ತಿದ್ದೆ. ಆಮೇಲೆ ರೇಗಿಹೋಯಿತು.

“ನಾನು ನಾನೇ ಕಣೇ! ಇನ್ನೇನು ಪ್ರೂಫ್ ಬೇಕು ನಿನಗೆ?”

“ಹೋಗ್ತೀನಿ ಅಂದವನು ಯಾರು ಹಾಗಾದ್ರೆ?”

ಮೊನ್ನೆ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು. “ಅವತ್ತು ಬೆಟ್ಟದ ಮೇಲೆ ನನಗೆ ಏನಂತ ಬೈದೆ, ಹೇಳು. ಅದೊಂದು ಹೇಳಿಬಿಡು, ಇನ್ನು ಕೇಳಲ್ಲ.”

ಕೂಗಾಡಿದೆ. ತಟ್ಟೆ ತಳ್ಳಿ ಎದ್ದೆ. ಜಗಳ ನೆನಪಿದೆ, ಅವಳು ಅತ್ತದ್ದು ನೆನಪಿದೆ, ಕಾಲಡಿಯ ಒದ್ದೆ ಎಲೆಗಳೂ ನೆನಪಿವೆ...

ಆ ಮಾತು ಮಾತ್ರ ನೆನಪಿಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.